ಹಳೆಯ ಮೋಟಾರಿನ ಕಣ್ಣು

ಕಳೆದ ತಿಂಗಳು ಇದೇ ಪುಟದಲ್ಲಿ ಬಾವಿಯ ರಾಟೆಯ ವಿಚಾರವಾಗಿ ಬರೆಯುತ್ತ, ಮುಂದಿನ ಸಂಚಿಕೆಯಲ್ಲಿ ಉಪ್ಪಿನಕಾಯಿಯ ಭರಣಿಗಳ ಪ್ರಸ್ತಾಪವನ್ನು ಎತ್ತಿಕೊಳ್ಳುವುದಾಗಿ ವಾಚಕರಿಗೆ ಮಾತು ಕೊಟ್ಟಿದ್ದೆವು. ಆ ಮಾತು ಈ ಸಲ ನಡೆಯಲಿಲ್ಲ. ವಾಚಕ ಮಹಾಶಯರೂ, ಭರಣಿಗಳನ್ನು ತೊಳೆದು ಒಣಗಿಸಿಟ್ಟಿರಬಹುದಾದ ಗೃಹಿಣಿಯರೂ ಮನ್ನಿಸಬೇಕು. ನಾವು ಮಗಳ ಮನೆಯಲ್ಲಿ ಮೂರು ತಿಂಗಳನ್ನು ಕಳೆದು ಈಗತಾನೆ ಹಿಂದಿರುಗಿದ್ದೇವೆ. ಅಲ್ಲಿ ಕೈಯಾರೆ ಮಾಡಿ ಕಲಿತ ಒಂದು ಕೆಲಸವು ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಅದನ್ನು ಬರೆದಿಡುವುದು ಲೇಸೆಂದು ತೋರಿತು. ಶಬ್ದರೂಪಗಳನ್ನು ಕಂಠಪಾಠ ಮಾಡಿಸುತ್ತ ತಲೆ ನರೆತ ಮೇಷ್ಟರಿಗೂ ಮೋಟಾರುಗಾಡಿಯ ದೀಪಕ್ಕೂ ಏನು ಸಂಬಂಧವೆಂದು ಕೇಳುವವರು ಸ್ವಲ್ಪ ತಾಳ್ಮೆಯಿಂದ ಮುಂದೆ ಓದಬೇಕು.

ಮಗಳೂ ಅಳಿಯಂದಿರೂ ಇರುವುದು ಇಂಗ್ಲೆಂಡಿನಲ್ಲಿ, ಆಕ್ಸ್‌ಫರ್ಡ್ ನಗರಕ್ಕೆ ದಕ್ಷಿಣದಲ್ಲಿ ಆರೇಳು ಮೈಲಿ ದೂರದ ಆಬಿಂಗ್ಡನ್ ಎಂಬ ಊರಿಗೆ ಸಮೀಪವಾದ ಒಂದು ಹಳ್ಳಿಯಲ್ಲಿ. ಮೋಟಾರುಗಳ ಚರಿತ್ರೆಯನ್ನು ಬಲ್ಲವರಿಗೆ ಆ ಊರಿನ ಹೆಸರು ಅಪರಿಚಿತವಲ್ಲ. ಎಂ.ಜಿ. ಎಂಬ ಎರಡಕ್ಷರದ ಮುದ್ರೆಯುಳ್ಳ ಸಣ್ಣ ಸ್ಪೋರ್ಟ್ಸ್ ಕಾರುಗಳು ಅರ್ಧಶತಮಾನ ಕಾಲ ಅಲ್ಲಿಯೇ ತಯಾರಾಗುತ್ತಿದ್ದುವು. ಮಾರಿಸ್ ಗ್ಯಾರೇಜಸ್ ಎಂಬುದರ ಮೊದಲಕ್ಷರಗಳೇ ಆ ಮುದ್ರೆ. ೧೯೬೨ರಿಂದ ೧೯೮೦ರ ವರೆಗೆ ಅಲ್ಲಿ ಎಂ.ಜಿ.ಬಿ. ಎಂಬ ಮಾದರಿಯ ಗಾಡಿಗಳು ಐದು ಲಕ್ಷಕ್ಕೂ ಮಿಕ್ಕಿ ಹುಟ್ಟಿದುವು. ೧೯೮೦ರಲ್ಲಿ ಕಾರ್ಖಾನೆಯು ಮುಚ್ಚಿಹೋಯಿತು. ನಮ್ಮ ಅಳಿಯಂದಿರು ಆ ಊರಿನ ನೆರೆಗೆ ಬಂದ ಮೇಲೆ, ಅಲ್ಲಿಯೇ ಹುಟ್ಟಿದ ೧೯೭೧ನೆಯ ಇಸವಿಯ ಒಂದು ಎಂ.ಜಿ.ಬಿ.ಯನ್ನು ಕೊಂಡುಕೊಂಡಿದ್ದಾರೆ. ಎರಡೇ ಪೀಠ, ಬಟ್ಟೆಯ ಮಾಡು. ಒಳಗೆ ಕುಳಿತರೆ ನೆಲವು ಕೈಗೆ ಎಟುಕುವಷ್ಟು ಹತ್ತಿರ. ಪಂಚೆಯುಟ್ಟು ಅದರೊಳಗೆ ಇಳಿಯುವುದೂ ಮರಳಿ ಏಳುವುದೂ ಯೋಗಾಸನದಲ್ಲಿ ಸ್ವಲ್ಪ ಪರಿಶ್ರಮವುಳ್ಳವರಿಗೇ ಸಾಧ್ಯ. ಆದರೂ ಬಿಸಿಲಿದ್ದ ಹೊತ್ತು ಮಾಡನ್ನು ಮಡಿಸಿ ಹೊಲಗಳ ನಡುವೆ ಹೋಗುವಾಗ ಅದರಷ್ಟು ಸೊಗಸಾದ ವಾಹನವನ್ನು ನಾವು ಇನ್ನೊಂದು ಕಂಡಿಲ್ಲ.

ತೊಂದರೆಯೆಲ್ಲವೂ ಕತ್ತಲಾದ ಬಳಿಕ. ಆ ದೇಶದಲ್ಲಿ ನವೆಂಬರು ಬಂದಿತೆಂದರೆ ನಾಲ್ಕೂವರೆ ಗಂಟೆಗೆಲ್ಲ ರಾತ್ರಿ. ಹಳ್ಳಿಯ ದಾರಿಗಳಿಗೆ ಬೀದಿದೀಪವಿಲ್ಲ. ಎರಡು ಪಕ್ಕದಲ್ಲಿಯೂ ಆಳೆತ್ತರದ ಬೇಲಿ, ಕಾಲುದಾರಿಯಿಲ್ಲ. ನಡೆಯುವವರೂ ಗಾಡಿಗಳೂ ಒಂದೇ ಹಾದಿಯನ್ನು ಹಂಚಿಕೊಳ್ಳಬೇಕು. ಅಂಥ ಒಂದು ಸಂಜೆ ಆಕ್ಸ್‌ಫರ್ಡಿನಿಂದ ಪುಸ್ತಕಗಳನ್ನು ಕೊಂಡು ಹಿಂದಿರುಗುತ್ತಿದ್ದೆವು. ಗಾಡಿಯನ್ನು ನಡೆಸುತ್ತಿದ್ದವರು ಅಳಿಯಂದಿರು, ಪಕ್ಕದಲ್ಲಿ ನಾವು. ಒಂದು ತಿರುವನ್ನು ದಾಟಿದೊಡನೆ ನಮ್ಮ ದೀಪಗಳ ಹಳದಿಯ ಮಬ್ಬಿನಲ್ಲಿ ಒಂದು ನಾಯಿಯ ಕಣ್ಣು ಹೊಳೆಯಿತು. ಅದರ ಮೇಲ್ಗಡೆ ಒಂದು ಕೈ, ಕೈಯ ಹಿಂದೆ ಕರಿಯ ಕೋಟು ತೊಟ್ಟ ವೃದ್ಧರೊಬ್ಬರು. ಗಾಡಿಯು ಚೀತ್ಕಾರ ಮಾಡುತ್ತ ಬೇಲಿಗೆ ಉಜ್ಜಿ ನಿಂತಿತು. ನಿಂತಾಗ ಅವರಿಗೂ ನಮಗೂ ನಡುವೆ ಒಂದು ಮಾರು ಇದ್ದಿತೋ ಇಲ್ಲವೋ! ಆ ವೃದ್ಧರು ನಾಯಿಯನ್ನು ಎತ್ತಿಕೊಂಡು ಎದೆಗೆ ಒತ್ತಿಕೊಂಡಿದ್ದರು. ಬೈಯಲಿಲ್ಲ. ನಮ್ಮ ದೀಪಗಳ ಕಡೆಗೆ ಬಗ್ಗಿ ನೋಡಿ, ಇವು ಹೊತ್ತಿಕೊಂಡಿವೆಯೇ ಎಂದು ಕೇಳಿದರು. ಅವರು ಹಾಸ್ಯಕ್ಕಾಗಿ ಕೇಳಿದುದಲ್ಲ. ಅವರಿಗೆ ನಿಜವಾಗಿಯೂ ಸಂದೇಹವಿದ್ದಿತು.

ಈ ವೃತ್ತಾಂತವನ್ನು ಕೇಳಿ ಮಗಳು ಹೆಚ್ಚು ಮಾತನಾಡಲಿಲ್ಲ. ಆಕೆ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಗಾಡಿ ತಗುಲಿದ ಮನುಷ್ಯರನ್ನು ಕಂಡು ಬಲ್ಲವಳು. ಕ್ರಿಸ್ಮಸ್ಸಿನೊಳಗೆ ದೀಪಗಳು ನೆಟ್ಟಗಾಗಬೇಕು, ಇಲ್ಲವೇ ಗಾಡಿ ಮನೆಯಿಂದ ಹೊರಡಬೇಕು, ಅಲ್ಲಿಯವರೆಗೆ ಕತ್ತಲಲ್ಲಿ ಅದನ್ನು ಮುಟ್ಟಕೂಡದು ಎಂಬಿಷ್ಟನ್ನು ಹೇಳಿ ಒಳಗೆ ಹೋದಳು. ಅಳಿಯಂದಿರ ಮುಖವು ಬಾಡಿತು. ಆ ಗಾಡಿಯ ಮೇಲೆ ಅವರಿಗಿರುವ ಪ್ರೀತಿ ಸಾಮಾನ್ಯವಾದುದಲ್ಲ. ನಮಗೂ ಮುಖವೆತ್ತಿ ನೋಡಲಾಗಲಿಲ್ಲ. ಅದಕ್ಕೆ ಬೇರೊಂದು ಕಾರಣವಿದ್ದಿತು. ಅದನ್ನು ಮುಂದೆ ಹೇಳುತ್ತೇವೆ.

ಅಳಿಯಂದಿರು ಆ ರಾತ್ರಿಯೇ ಅತ್ಯಂತ ಉಜ್ವಲವಾದ ದೀಪಗಳು ಎಲ್ಲಿ ಸಿಕ್ಕುವುವೆಂದು ಹುಡುಕತೊಡಗಿದರು. ನಾವು ತಡೆದೆವು. ಎಣ್ಣೆ ಏರದ ಬತ್ತಿಯನ್ನು ಬದಲಿಸಿ ಪ್ರಯೋಜನವಿಲ್ಲ, ಮೊದಲು ಎಣ್ಣೆ ಎಷ್ಟು ಬರುತ್ತಿದೆಯೆಂದು ಅಳೆಯೋಣ ಎಂದೆವು. ಮರುದಿನ ಅವರು ಒಂದು ವೋಲ್ಟ್ ಮಾಪಕವನ್ನು ತಂದರು. ಯಂತ್ರವನ್ನು ಚಾಲೂ ಮಾಡಿ, ದೀಪಗಳನ್ನು ಹೊತ್ತಿಸಿ, ಮೊದಲು ಬ್ಯಾಟರಿಯ ಬಳಿ ಅಳೆದೆವು: ೧೩.೮ ವೋಲ್ಟು. ಬಳಿಕ ದೀಪದ ಹಿಂದಣ ಕೊಂಡಿಯಲ್ಲಿ ಅಳೆದೆವು: ೧೧.೬. ನಡುವೆ ಎರಡು ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಸೋರಿಹೋಗುತ್ತಿದ್ದಿತು.

ಎರಡು ವೋಲ್ಟು ಅಷ್ಟೇನು ದೊಡ್ಡ ನಷ್ಟವಲ್ಲವೆಂದು ಅಳಿಯಂದಿರಿಗೆ ತೋರಿತು. ಮೇಲುನೋಟಕ್ಕೆ ಯಾರಿಗಾದರೂ ಹಾಗೆಯೇ ತೋರುವುದು. ಆದರೆ ಕಾದ ತಂತಿಯಿಂದ ಬೆಳಕನ್ನು ಕೊಡುವ ದೀಪದ ಸ್ವಭಾವವೇ ಬೇರೆ. ಅದರ ಬೆಳಕು ವೋಲ್ಟಿನ ಸಮಪ್ರಮಾಣದಲ್ಲಿ ಇಳಿಯುವುದಿಲ್ಲ. ಸುಮಾರು ಮೂರೂವರೆ ಪಟ್ಟಿನ ಘಾತದಲ್ಲಿ ಇಳಿಯುವುದು. ಎಂದರೆ ವೋಲ್ಟು ನೂರಕ್ಕೆ ಹತ್ತು ತಗ್ಗಿದರೆ ಬೆಳಕು ನೂರಕ್ಕೆ ಮೂವತ್ತರಷ್ಟು ತಗ್ಗುವುದು. ನಾವು ಅಳೆದ ಗಾಡಿಯಲ್ಲಿ ಕಾಗದದ ಮೇಲೆ ಲೆಕ್ಕ ಹಾಕಿದರೆ, ಬರಬೇಕಾದ ಬೆಳಕಿನಲ್ಲಿ ನೂರಕ್ಕೆ ಐವತ್ತೈದು ಪಾಲು ಮಾತ್ರ ರಸ್ತೆಗೆ ಬೀಳುತ್ತಿದ್ದಿತು. ಉಳಿದುದನ್ನು ಐವತ್ತು ವರ್ಷ ಮೀರಿದ ತಂತಿಗಳೂ, ಹಸುರು ಕಿಲುಬು ಹಿಡಿದ ಕೀಲುಗಳೂ, ಸವೆದ ಸ್ವಿಚ್ಚೂ ಬಿಸಿಯಾಗುತ್ತ ತಿಂದುಹಾಕುತ್ತಿದ್ದುವು. ಇದರಲ್ಲಿ ಮಾಡಿದವರ ತಪ್ಪೇನೂ ಇಲ್ಲ. ಐವತ್ತು ಮಳೆಗಾಲಗಳನ್ನು ಕಂಡ ತಾಮ್ರದಿಂದ ಇನ್ನೇನನ್ನು ಬೇಡಬಹುದು?

ಈ ಗಾಡಿಯಲ್ಲಿ ದೀಪದ ವಿದ್ಯುತ್ತು ನಡೆಯುವ ದಾರಿಯನ್ನು ಸ್ವಲ್ಪ ತಿಳಿಯಬೇಕು. ಬ್ಯಾಟರಿಯಿಂದ ಹೊರಟದ್ದು ಬೀಗದ ಕೈಯ ಬಳಿಗೆ ಬಂದು, ಅಲ್ಲಿಂದ ದೀಪದ ಸ್ವಿಚ್ಚಿಗೆ ಹೋಗಿ, ಅಲ್ಲಿಂದ ಚಕ್ರದ ಪಕ್ಕದ ಕಡ್ಡಿಗೆ ಹೋಗಿ, ಅಲ್ಲಿ ಎತ್ತರದ ಕಿರಣಕ್ಕೂ ತಗ್ಗಿನ ಕಿರಣಕ್ಕೂ ಕವಲೊಡೆದು, ಮರಳಿ ಮೂತಿಯವರೆಗೆ ಓಡಬೇಕು. ಎರಡು ದೀಪಗಳಿಗೂ ಬೇಕಾದ ಒಂಬತ್ತು ಹತ್ತು ಆಂಪೇರುಗಳೆಲ್ಲವೂ ಆ ಸಣ್ಣ ಸ್ವಿಚ್ಚುಗಳ ಮೊನೆಯ ಮೇಲೆಯೇ ದಾಟಬೇಕು. ಅದಲ್ಲದೆ ಈ ದಾರಿಯಲ್ಲೆಲ್ಲೂ ಫ್ಯೂಸು ಇಲ್ಲ. ಎಲ್ಲಿಯಾದರೂ ತಂತಿಯ ಹೊದಿಕೆ ಸವೆದು ಗಾಡಿಯ ಮೈಗೆ ತಗುಲಿದರೆ ತಡೆಯುವವರಿಲ್ಲ. ಹೊಗೆಯೇ ಮೊದಲ ಸೂಚನೆ.

ತಂತಿಗಳ ಬಣ್ಣದಲ್ಲಿ ಮಾತ್ರ ಆ ಕಾಲದ ಆಂಗ್ಲ ಶಿಲ್ಪಿಗಳು ಒಳ್ಳೆಯ ವ್ಯಾಕರಣವನ್ನು ಪಾಲಿಸಿದ್ದಾರೆ. ಬ್ಯಾಟರಿಯಿಂದ ನೇರವಾಗಿ ಬರುವುದು ಕಂದು. ಮುಂದೀಪಕ್ಕೆ ಸಂಬಂಧಿಸಿದುದು ನೀಲಿ. ನೀಲಿಯ ಮೇಲೆ ಬಿಳಿಯ ಗೆರೆಯಿದ್ದರೆ ಎತ್ತರದ ಕಿರಣ, ಕೆಂಪು ಗೆರೆಯಿದ್ದರೆ ತಗ್ಗಿನ ಕಿರಣ. ನೆಲದ ತಂತಿ ಕಪ್ಪು. ಪ್ರಕೃತಿಯೊಂದು, ಪ್ರತ್ಯಯವೊಂದು! ಒಂದು ಸಲ ತಿಳಿದರೆ ಅರ್ಥವು ತಪ್ಪುವುದೇ ಇಲ್ಲ. ಈ ಸೊಗಸನ್ನು ಕಂಡ ಮೇಲೆ ನಮಗೆ ಆ ಯಂತ್ರದ ಭಯವು ಅರ್ಧ ಹೋಯಿತು.

ಇನ್ನು ದೀಪದ ಮಾತು. ಹಿಂದೆ ಪ್ರತಿಫಲಕ ಕನ್ನಡಿ, ಒಳಗಣ ತಂತು, ಮುಂದಣ ಗಾಜು ಮೂರನ್ನೂ ಒಂದಾಗಿ ಬೆಸೆದು ಮುಚ್ಚಿಬಿಡುತ್ತಿದ್ದರು. ಅಮೆರಿಕದಲ್ಲಿ ೧೯೪೦ರ ಗಾಡಿಗಳಿಂದ ಆ ಪದ್ಧತಿ ಬಂದು ಏಳು ಅಂಗುಲದ ದುಂಡು ದೀಪವು ರೂಢಿಯಾಯಿತು. ತಂತು ಕಡಿದರೆ ಇಡೀ ದೀಪವನ್ನೇ ಎಸೆಯಬೇಕು. ೧೯೬೨ರಲ್ಲಿ ಯೂರೋಪಿನ ಗಾಡಿಗಳಿಗೆ ಹ್ಯಾಲೊಜನ್ ಬಲ್ಬು ಬಂದಿತು. ಮಾಮೂಲು ಬಲ್ಬಿನಲ್ಲಿ ತಂತುವಿನ ಲೋಹವು ಕಾದು ಆವಿಯಾಗಿ ಗಾಜಿನ ಒಳಮೈಗೆ ಮಸಿಯಂತೆ ಅಂಟಿಕೊಳ್ಳುವುದು. ಹ್ಯಾಲೊಜನ್ ಬಲ್ಬಿನಲ್ಲಿ ಅಯೋಡಿನ್ ಅಥವಾ ಬ್ರೋಮಿನ್ ಜಾತಿಯ ಅನಿಲವು ಆ ಆವಿಯನ್ನು ಹಿಡಿದು ಮರಳಿ ತಂತುವಿನ ಬಳಿಗೇ ತಂದು ಬಿಡುವುದು. ಆದುದರಿಂದ ಗಾಜು ಮಸಿಯಾಗದು, ತಂತುವನ್ನು ಇನ್ನೂ ಹೆಚ್ಚು ಕಾಯಿಸಬಹುದು, ಬೆಳಕು ಬೆಳ್ಳಗಿರುವುದು. ಒಂದೇ ಬಲ್ಬಿನಲ್ಲಿ ಎರಡು ತಂತುಗಳುಳ್ಳ ಎಚ್-೪ ಎಂಬ ಮಾದರಿಯು ೧೯೭೧ರಲ್ಲಿ ಬಂದಿತು, ಎಂದರೆ ನಮ್ಮ ಅಳಿಯಂದಿರ ಗಾಡಿಯು ಹುಟ್ಟಿದ ವರ್ಷವೇ. ಎತ್ತರಕ್ಕೆ ೬೦ ವಾಟು, ತಗ್ಗಿಗೆ ೫೫. ತಗ್ಗಿನ ತಂತುವಿನ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲಿರುವುದು. ಅದು ಕೆಳಗಣ ಕನ್ನಡಿಗೆ ಬೆಳಕು ಬೀಳದಂತೆ ಮರೆಮಾಡುವುದರಿಂದ ಮೇಲಕ್ಕೆ ಹಾರುವ ಕಿರಣಗಳು ಹುಟ್ಟುವುದೇ ಇಲ್ಲ. ಎದುರಿಗೆ ಬರುವವನ ಕಣ್ಣು ಉಳಿಯುವುದು. ಏಳು ಅಂಗುಲದ ಅಳತೆಯಲ್ಲಿಯೇ ಎಚ್-೪ ಬಲ್ಬು ಹಿಡಿಯುವ ದೀಪಗಳು ಸಿಕ್ಕುವುದರಿಂದ ಹಳೆಯದನ್ನು ತೆಗೆದು ಅದೇ ಗೂಡಿನಲ್ಲಿ ಹೊಸದನ್ನು ಕೂಡಿಸಬಹುದು. ನಮ್ಮ ನಾಡಿನ ಹಳೆಯ ಅಂಬಾಸಡರ್ ಗಾಡಿಯನ್ನೋ ಜೀಪನ್ನೋ ಇಟ್ಟುಕೊಂಡಿರುವ ವಾಚಕರಿಗೂ ಈ ಅಳತೆಯು ಸಲ್ಲುವುದು.

ಇಲ್ಲಿ ನಾವು ಒಂದು ಸಲ ಮೋಸಹೋದೆವು. ಒಬ್ಬ ವ್ಯಾಪಾರಿಯಿಂದ ಅಗ್ಗದ ಬೆಲೆಗೆ ಬಂದ ಜೋಡಿ ದೀಪಗಳನ್ನು ಮೇಜಿನ ಮೇಲಿಟ್ಟು ನೋಡುತ್ತಿರಲು, ಗಾಜಿನ ಮೇಲೆ ಎಲ್ಲಿಯೂ ಬಾಣದ ಗುರುತು ಕಾಣಿಸಲಿಲ್ಲ. ತಗ್ಗಿನ ಕಿರಣದ ಮೇಲಂಚು ಒಂದು ಪಕ್ಕದಲ್ಲಿ ಸಮತಲವಾಗಿದ್ದು, ಇನ್ನೊಂದು ಪಕ್ಕದಲ್ಲಿ ಹದಿನೈದು ಡಿಗ್ರಿಯಷ್ಟು ಮೇಲಕ್ಕೇರುವುದು. ಹಾಗೆ ಏರುವ ಪಕ್ಕವು ರಸ್ತೆಯ ಅಂಚಿನ ಕಡೆಗಿರಬೇಕು. ನಡೆಯುವವನೂ ಮೈಲಿಗಲ್ಲೂ ಕಾಣಲೆಂದೇ ಆ ಏರ್ಪಾಡು. ಇಂಗ್ಲೆಂಡಿನಲ್ಲಿಯೂ ನಮ್ಮಲ್ಲಿಯೂ ಗಾಡಿಗಳು ಎಡಕ್ಕೆ ಹೋಗುವುವು. ಯೂರೋಪಿನ ಬಹುಪಾಲು ದೇಶಗಳಲ್ಲಿ ಬಲಕ್ಕೆ. ಬಲಸಂಚಾರದ ದೀಪವನ್ನು ಎಡಸಂಚಾರದ ದೇಶದಲ್ಲಿ ಕೂಡಿಸಿದರೆ ಆ ಏರುಕಿರಣವು ನೇರವಾಗಿ ಎದುರು ಗಾಡಿಯವನ ಕಣ್ಣಿಗೆ ಹೋಗುವುದು, ರಸ್ತೆಯಂಚಿನಲ್ಲಿ ನಾಯಿಯನ್ನು ಹಿಡಿದು ನಡೆಯುವ ವೃದ್ಧನು ಕತ್ತಲಲ್ಲಿಯೇ ಉಳಿಯುವನು. ಯೂರೋಪಿನ ಮುದ್ರೆಯ ದೀಪಗಳಲ್ಲಿ ಬಾಣವಿಲ್ಲದಿದ್ದರೆ ಬಲಸಂಚಾರಕ್ಕೆಂದು ಅರ್ಥ. ದೀಪಕ್ಕೆ ಎದುರಾಗಿ ನಿಂತು ನೋಡುವವನ ಬಲಕ್ಕೆ ಬಾಣವು ತೋರಿಸಿದರೆ ಎಡಸಂಚಾರಕ್ಕೆ. ಎರಡು ಕಡೆಗೂ ತೋರಿಸಿದರೆ ಎರಡಕ್ಕೂ ಒಗ್ಗುವಂಥದು. ವ್ಯಾಪಾರಿಯು ಇದನ್ನು ಹೇಳಲಿಲ್ಲ. ಕೇಳಿದಾಗ ಎಲ್ಲವೂ ಒಂದೇ ಎಂದುಬಿಟ್ಟನು. ದೀಪಗಳನ್ನು ಹಿಂದಕ್ಕೆ ಕಳುಹಿಸಿ, ಬಾಣವುಳ್ಳ ಜೋಡಿ ಬರುವುದಕ್ಕೆ ಒಂಬತ್ತು ದಿನ ಕಾದೆವು.

ಈಗಿನ ಎಲ್.ಇ.ಡಿ. ಬಲ್ಬನ್ನೇ ಎಚ್-೪ರ ಜಾಗದಲ್ಲಿ ತಿರುಗಿಸಿ ಕೂಡಿಸಿಬಿಡಬಾರದೇ ಎಂದು ನೆರೆಯ ಯುವಕನೊಬ್ಬನು ಕೇಳಿದನು. ಬೆಳಕು ಕಣ್ಣು ಕೋರೈಸುವಷ್ಟಿರುವುದೇನೋ ನಿಜ. ಆದರೆ ಪ್ರತಿಫಲಕವನ್ನು ಎರೆದಿರುವುದು ಕೂದಲೆಳೆಯಂಥ ತಂತುವು ಒಂದು ನಿಯತವಾದ ಬಿಂದುವಿನಲ್ಲಿ ನಿಲ್ಲುವುದೆಂಬ ಲೆಕ್ಕದಿಂದ. ಬೆಳಕಿನ ಆಕಾರವೂ ಸ್ಥಾನವೂ ಬೇರೆಯಾದರೆ ಕಿರಣಗಳು ಅಂಚು ಮೀರಿ ಚೆದರುವುವು. ಬ್ರಿಟನ್ನಿನ ವಾರ್ಷಿಕ ಪರೀಕ್ಷೆಯಲ್ಲಿ, ೧೯೮೬ನೆಯ ಏಪ್ರಿಲ್ ೧ರಿಂದ ಈಚೆಗೆ ರಸ್ತೆಗಿಳಿದ ಗಾಡಿಗಳ ಹ್ಯಾಲೊಜನ್ ದೀಪದಲ್ಲಿ ಅಂಥ ಬಲ್ಬು ಕಂಡರೆ ಗಾಡಿಯನ್ನು ಅನುತ್ತೀರ್ಣಗೊಳಿಸುವರು. ನಮ್ಮ ಗಾಡಿಯು ಅದಕ್ಕಿಂತ ಹಿಂದಿನದು. ಅಷ್ಟೇ ಅಲ್ಲ, ೨೦೧೮ನೆಯ ಮೇ ತಿಂಗಳಿಂದ, ನಲವತ್ತು ವರ್ಷ ದಾಟಿ ಹೆಚ್ಚಿನ ಮಾರ್ಪಾಡಿಲ್ಲದ ಗಾಡಿಗಳಿಗೆ ಆ ಪರೀಕ್ಷೆಯೇ ಇಲ್ಲ. ಹಾಗೆಂದು ಎದುರು ಬರುವವನ ಕಣ್ಣಿಗೆ ವಿನಾಯಿತಿಯುಂಟೇ? ನಮ್ಮ ದೇಶದಲ್ಲಂತೂ ರಾತ್ರಿಯ ಹೆದ್ದಾರಿಯಲ್ಲಿ ಈ ಬಿಳಿಯ ಬೆಂಕಿಯನ್ನು ಎದುರಿಸದವರಿಲ್ಲ. ಹಿಂದೆ ಲಾರಿ ಬಸ್ಸುಗಳ ದೀಪದ ನಡುವೆ ಹಸುಗೂಸಿನ ಹಣೆಗೆ ಇಟ್ಟಂತೆ ಒಂದು ಕರಿಯ ಬೊಟ್ಟು ಇಡುತ್ತಿದ್ದರು. ಆ ಬೊಟ್ಟನ್ನು ನೋಡಿ ನಕ್ಕವರಲ್ಲಿ ನಾವೂ ಒಬ್ಬರು. ಈಗ ನಗು ಬರುವುದಿಲ್ಲ.

ಡಿಸೆಂಬರಿನ ಮೊದಲನೆಯ ಶನಿವಾರ ಕೆಲಸಕ್ಕೆ ಕೈಹಾಕಿದೆವು. ಮೊದಲು ಬ್ಯಾಟರಿಯ ಸಂಬಂಧವನ್ನು ಕಡಿಯಬೇಕು. ಈ ಗಾಡಿಯಲ್ಲಿ ಆರು ವೋಲ್ಟಿನ ಎರಡು ಬ್ಯಾಟರಿಗಳು ಪೀಠಗಳ ಹಿಂದೆ ನೆಲದಡಿಯಲ್ಲಿ ಅಡಗಿರುವುವು. ಬಳಿಕ ದೀಪದ ಸುತ್ತಣ ಹೊಳೆಯುವ ಬಳೆಯನ್ನು ಕೆಳಗಿನಿಂದ ಮೆಲ್ಲನೆ ಮೀಟಿ ಬಿಡಿಸಬೇಕು. ಬಣ್ಣವು ಕೀಳದಂತೆ ಮೀಟುವ ಉಪಕರಣದ ಕೆಳಗೆ ಬಟ್ಟೆಯಿರಲಿ. ಒಳಗೆ ಇನ್ನೊಂದು ಬಳೆಯನ್ನು ಮೂರು ಸಣ್ಣ ತಿರುಪುಗಳು ಹಿಡಿದಿರುವುವು. ಅವಲ್ಲದೆ ಮೇಲ್ಗಡೆ ಒಂದು, ಪಕ್ಕದಲ್ಲಿ ಒಂದು, ಹೀಗೆ ಬೇರೆ ಎರಡು ತಿರುಪುಗಳುಂಟು. ಅವು ದೀಪದ ದೃಷ್ಟಿಯನ್ನು ತಿದ್ದತಕ್ಕವು, ಬಿಚ್ಚತಕ್ಕವಲ್ಲ. ನಾವು ಉತ್ಸಾಹದಿಂದ ಮೊದಲು ತಿರುಗಿಸಿದುದು ಮೇಲ್ಗಡೆಯದನ್ನೇ! ಅಳಿಯಂದಿರು ವಿನಯವಂತರು, ಏನೂ ಹೇಳಲಿಲ್ಲ. ದೀಪವನ್ನು ತೆಗೆದಾಗ ಹಿಂದಣ ಲೋಹದ ಬೋಗುಣಿಯ ತಳದಲ್ಲಿ ತುಕ್ಕು ತಿಂದು ಬೆರಳು ತೂರುವಷ್ಟು ತೂತು ಬಿದ್ದಿದ್ದಿತು. ಚಕ್ರವು ಎರಚಿದ ಕೆಸರು ವರ್ಷಗಟ್ಟಲೆ ಅದರ ಹಿಂದೆ ಕುಳಿತರೆ ಹಾಗಾಗುವುದು ಸಹಜ. ಎರಡು ಬೋಗುಣಿಗಳನ್ನೂ ಹೊಸದಾಗಿ ಹಾಕಬೇಕಾಯಿತು. ಆ ದಿನವೆಲ್ಲ ಅದಕ್ಕೇ ಸರಿಹೋಯಿತು.

ರಿಲೇ ಎಂಬ ಚಿಕ್ಕ ಪೆಟ್ಟಿಗೆಯೇ ಈ ಕೆಲಸದ ತಿರುಳು. ಅರಮನೆಯ ದ್ವಾರಪಾಲಕನಿಗೆ ಅರಸನು ಕಣ್ಸನ್ನೆ ಮಾಡಿದರೆ ಸಾಕು, ಹೆಬ್ಬಾಗಿಲನ್ನು ತೆರೆಯುವ ಶ್ರಮವು ದ್ವಾರಪಾಲಕನದು. ಹಾಗೆಯೇ ಹಳೆಯ ಸ್ವಿಚ್ಚಿನಿಂದ ಬರುವ ಒಂದು ಆಂಪೇರಿನ ಸಣ್ಣ ಪಾಲು ರಿಲೇಯ ಸುರುಳಿಗೆ ಮುಟ್ಟಿದರೆ, ಅದು ಆಯಸ್ಕಾಂತವಾಗಿ, ದಪ್ಪ ತಂತಿಯ ಹಾದಿಯನ್ನು ಕೂಡಿಸುವುದು. ಎತ್ತರದ ಕಿರಣಕ್ಕೊಂದು, ತಗ್ಗಿನ ಕಿರಣಕ್ಕೊಂದು, ಒಟ್ಟು ಎರಡು ರಿಲೇಗಳು. ಅವುಗಳ ಕಾಲುಗಳ ಮೇಲೆ ಅಂಕಿಗಳಿರುವುವು: ೮೫ ಮತ್ತು ೮೬ ಸುರುಳಿಯವು, ೩೦ಕ್ಕೆ ಬ್ಯಾಟರಿಯ ತಂತಿ, ೮೭ರಿಂದ ದೀಪಕ್ಕೆ. ಗಾಡಿಯ ಮೂತಿಯ ಜಾಲರಿಯ ಹಿಂದೆ ಹಳೆಯ ನೀಲಿ ತಂತಿಗಳನ್ನು ದೀಪದಿಂದ ಬಿಡಿಸಿ ಸುರುಳಿಗಳಿಗೆ ಕೊಟ್ಟೆವು. ಬ್ಯಾಟರಿಯು ಹಿಂದಿರುವುದರಿಂದ ಹೊಸ ತಂತಿಯನ್ನು ಅಲ್ಲಿಂದ ಎಳೆಯಬೇಕಾಗಿಲ್ಲ. ಯಂತ್ರವನ್ನು ಎಬ್ಬಿಸುವ ಸ್ಟಾರ್ಟರಿನ ಬಳಿ ಬರುವ ದಪ್ಪ ತಂತಿಯ ತುದಿಯಿಂದ ಪಡೆಯಬಹುದು. ಮೂರು ಚದರ ಮಿಲಿಮೀಟರಿನ ತಂತಿಯು ಇದಕ್ಕೆ ಸಾಕು. ತೆಳ್ಳಗಿನ ತಂತಿ ಹಾಕಿ ಹಣ ಉಳಿಸುವವರು ಹಳೆಯ ರೋಗವನ್ನೇ ಹೊಸ ಬಟ್ಟೆಯಲ್ಲಿ ಮನೆಗೆ ಕರೆಯುವರು.

ಫ್ಯೂಸುಗಳ ವಿಷಯದಲ್ಲಿ ನಮಗೂ ಅಳಿಯಂದಿರಿಗೂ ಸ್ವಲ್ಪ ವಾದವಾಯಿತು. ಒಂದೇ ದೊಡ್ಡ ಫ್ಯೂಸು ಸಾಕೆಂದು ಅವರು, ಕೂಡದೆಂದು ನಾವು. ಒಂದೇ ಇದ್ದು ಅದು ಹಾರಿದರೆ, ಆ ಬೇಲಿಗಳ ನಡುವೆ ತಿರುವಿನಲ್ಲಿ ಎರಡು ಕಣ್ಣೂ ಒಮ್ಮೆಗೇ ಮುಚ್ಚಿಹೋಗುವುವು. ಎಡ ಬಲ, ಎತ್ತರ ತಗ್ಗು, ಒಂದೊಂದು ತಂತುವಿಗೂ ಹತ್ತು ಆಂಪೇರಿನ ಒಂದೊಂದರಂತೆ ನಾಲ್ಕು ಫ್ಯೂಸುಗಳನ್ನಿಟ್ಟರೆ, ಕೆಟ್ಟದ್ದು ಒಂದೇ ಕೆಡುವುದು. ಕಡೆಗೆ ನಾಲ್ಕೇ ಆದುವು. ತಂತುವೊಂದು ಐದು ಆಂಪೇರಿನಷ್ಟನ್ನು ಎಳೆಯುವುದರಿಂದ ಹತ್ತರ ಫ್ಯೂಸು ಸರಿಯಾದ ಅಳತೆ.

ಭಾನುವಾರ ಸಂಜೆ ಎಲ್ಲವನ್ನೂ ಜೋಡಿಸಿ, ಬ್ಯಾಟರಿಯನ್ನು ಕೂಡಿಸಿ, ಅಳಿಯಂದಿರು ದೀಪವನ್ನು ಹೊತ್ತಿಸಿದರು. ಬಲದ ದೀಪವು ಹಾಲಿನಂತೆ ಬೆಳಗಿತು. ಎಡದ್ದು ಮಿಣುಕುಹುಳುವಿನಂತೆ ಮಂಕು! ಬಗ್ಗಿ ನೋಡಿದರೆ ಅದರಲ್ಲಿ ಎರಡು ತಂತುಗಳೂ ಕೆಂಪಗೆ ಕಂದಿಕೊಂಡಿದ್ದುವು. ತಗ್ಗಿನ ಕಿರಣವನ್ನು ಮಾತ್ರ ಹೊತ್ತಿಸಿದ್ದರೂ ಎತ್ತರದ್ದೂ ಅರೆಜೀವದಿಂದ ಉರಿಯುತ್ತಿದ್ದಿತು. ಬಲ್ಬು ಕೆಟ್ಟದ್ದೆಂದು ಅಳಿಯಂದಿರು ಬದಲಿಸಹೊರಟರು. ನಾವು ಬಲ್ಬನ್ನು ಬಿಟ್ಟು ಕಪ್ಪು ತಂತಿಯನ್ನು ಹಿಡಿದು ನೋಡಿದೆವು. ಅದರ ತುದಿಯನ್ನು ಬಣ್ಣವಿದ್ದ ತಗಡಿನ ಮೇಲೆಯೇ ಬಿಗಿದಿದ್ದೆವು. ನೆಲಕ್ಕೆ ದಾರಿಯೇ ಇರಲಿಲ್ಲ. ಇಳಿಯಲು ಹಾದಿ ಸಿಕ್ಕದ ವಿದ್ಯುತ್ತು ತಗ್ಗಿನ ತಂತುವನ್ನು ದಾಟಿ, ಎತ್ತರದ ತಂತುವಿನಲ್ಲಿ ಹಿಮ್ಮುಖವಾಗಿ ಹರಿದು, ಪಕ್ಕದ ದೀಪದ ಮೂಲಕ ನೆಲವನ್ನು ಸೇರುತ್ತಿದ್ದಿತು. ಕಾಲುವೆಗೆ ಕಸ ಕಟ್ಟಿದರೆ ನೀರು ಪಕ್ಕದ ಗದ್ದೆಯನ್ನು ಹಾಯುವಂತೆ. ಬಣ್ಣವನ್ನು ಉಜ್ಜಿ ತೆಗೆದು ಲೋಹಕ್ಕೆ ಬಿಗಿದೊಡನೆ ಎರಡೂ ಸಮನಾಗಿ ಬೆಳಗಿದುವು. ಮಾಪಕವನ್ನು ಹಿಡಿದರೆ ದೀಪದ ಹಿಂದೆ ೧೩.೪ ವೋಲ್ಟು. ಐವತ್ತೈದು ಪಾಲಿದ್ದ ಬೆಳಕು ತೊಂಬತ್ತಕ್ಕೆ ಏರಿದ್ದಿತು. ಅದರ ಮೇಲೆ ಹ್ಯಾಲೊಜನಿನ ಲಾಭವು ಬೇರೆ. ಬಲ್ಬಿನ ಗಾಜನ್ನು ಬರಿಯ ಬೆರಳಿನಿಂದ ಮುಟ್ಟಕೂಡದೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಬೆರಳ ಜಿಡ್ಡು ಇದ್ದೆಡೆ ಗಾಜು ವಿಪರೀತ ಕಾದು ಹಾಳಾಗುವುದು. ಮುಟ್ಟಿದ್ದರೆ ಸ್ಪಿರಿಟಿನಿಂದ ಒರೆಸಬೇಕು.

ಹೊಸ ದೀಪವನ್ನು ಕೂಡಿಸಿ ದೃಷ್ಟಿಯನ್ನು ತಿದ್ದದೆ ರಸ್ತೆಗೆ ಇಳಿಯುವುದು ಅಪರಾಧವೇ ಸರಿ. ಸಮನೆಲದಲ್ಲಿ, ಗೋಡೆಯಿಂದ ಹತ್ತು ಮೀಟರು ದೂರದಲ್ಲಿ ಗಾಡಿಯನ್ನು ನಿಲ್ಲಿಸಿ, ಚಕ್ರಗಳ ಗಾಳಿಯನ್ನು ಸರಿನೋಡಿ, ಒಳಗೆ ಒಬ್ಬರನ್ನು ಕೂರಿಸಿದೆವು. ಕುಳಿತವರು ನಮ್ಮ ಮನೆಯವರು. ಪಂಚಾಂಗವನ್ನು ಓದುತ್ತ, ಮೋಟಾರಿನ ಭಾರಕ್ಕೆ ತಮ್ಮನ್ನು ಆರಿಸಿದುದಕ್ಕೆ ಏನೇನೋ ಆಕ್ಷೇಪಿಸುತ್ತ ಕುಳಿತಿದ್ದರು. ದೀಪದ ನಡುವಿನ ಎತ್ತರವು ನೆಲದಿಂದ ೬೫ ಸೆಂಟಿಮೀಟರು. ಗೋಡೆಯ ಮೇಲೆ ಅದೇ ಎತ್ತರದಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ. ಅದಕ್ಕೆ ೧೨ ಸೆಂಟಿಮೀಟರು ಕೆಳಗೆ ಇನ್ನೊಂದು. ತಗ್ಗಿನ ಕಿರಣದ ಸಮತಲವಾದ ಮೇಲಂಚು ಆ ಎರಡನೆಯ ಗೆರೆಯ ಮೇಲೆ ಕೂಡುವ ತನಕ ಮೇಲಣ ತಿರುಪನ್ನು ತಿರುಗಿಸಿದೆವು. ಈ ಸಲ ಅದನ್ನು ಮುಟ್ಟುವ ಅಧಿಕಾರ ನಮಗಿದ್ದಿತು! ಅಲ್ಲಿಯ ಪರೀಕ್ಷೆಯ ನಿಯಮದಂತೆ ಇಷ್ಟು ತಗ್ಗಿನಲ್ಲಿರುವ ದೀಪದ ಅಂಚು ಹತ್ತು ಮೀಟರಿನಲ್ಲಿ ೫ ಸೆಂಟಿಮೀಟರಿಗಿಂತ ಕಡಿಮೆಯಾಗಲಿ ೨೦ಕ್ಕಿಂತ ಹೆಚ್ಚಾಗಲಿ ಇಳಿಯಕೂಡದು.

ಸೀಮೆಸುಣ್ಣ ಕೈಗೆ ಬಂದ ಮೇಲೆ ಲೆಕ್ಕವನ್ನು ಬಿಡುವುದುಂಟೇ? ಹತ್ತು ಮೀಟರಿಗೆ ೧೨ ಸೆಂಟಿಮೀಟರು ಇಳಿಯುವ ಕಿರಣವು ೬೫ ಸೆಂಟಿಮೀಟರು ಇಳಿದು ನೆಲವನ್ನು ಮುಟ್ಟುವುದು ಸುಮಾರು ೫೪ ಮೀಟರು ದೂರದಲ್ಲಿ. ಬ್ರಿಟನ್ನಿನ ಹೆದ್ದಾರಿ ಸಂಹಿತೆಯಲ್ಲಿ ಗಂಟೆಗೆ ೫೦ ಮೈಲಿ ವೇಗದ ಗಾಡಿಯು ನಿಲ್ಲಲು ಬೇಕಾದ ದೂರವು ೫೩ ಮೀಟರೆಂದು ಕೊಟ್ಟಿದ್ದಾರೆ; ೬೦ ಮೈಲಿಗೆ ೭೩. ಆ ಹಳ್ಳಿಯ ದಾರಿಗಳಲ್ಲಿ ಕಾನೂನು ಒಪ್ಪುವ ವೇಗವು ೬೦. ಎಂದರೆ ಎಲ್ಲವನ್ನೂ ಹೊಸದಾಗಿ ಮಾಡಿ, ಹೀಗೆ ಗೆರೆಗೆ ಸರಿಯಾಗಿ ತಿದ್ದಿದ ಮೇಲೆಯೂ, ತಗ್ಗಿನ ದೀಪದಲ್ಲಿ ೬೦ ಮೈಲಿ ಓಡುವವನು ತಾನು ಕಾಣದ ಸ್ಥಳಕ್ಕೆ ನುಗ್ಗುತ್ತಿರುತ್ತಾನೆ. ಅಳಿಯಂದಿರು ಗೋಡೆಯ ಮೇಲಣ ಅಂಕಿಗಳನ್ನು ಬಹಳ ಹೊತ್ತು ನೋಡಿದರು. ಆ ಸಂಜೆ ಎಷ್ಟು ವೇಗದಲ್ಲಿದ್ದೆವೆಂದು ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮರುದಿನ ರಾತ್ರಿ ಗಾಡಿಯನ್ನು ಪರೀಕ್ಷಿಸಿದವಳು ಮಗಳು. ಗಂಡನನ್ನು ಮನೆಯಲ್ಲಿ ಬಿಟ್ಟು ನಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ದಾರಿಯಲ್ಲಿ ಹೊರಟಳು. ಬೇಲಿಯ ಒಂದೊಂದು ಮುಳ್ಳೂ ಕಾಣುತ್ತಿದ್ದಿತು. ಎಡಗಡೆ ಏರುವ ಕಿರಣವು ಅಂಚಿನ ಹುಲ್ಲನ್ನು ದೂರದವರೆಗೆ ತಡವಿಕೊಂಡು ಹೋಗುತ್ತಿದ್ದಿತು. ಆ ತಿರುವಿನ ಹತ್ತಿರ ಬಂದಾಗ, ತಡೆಹಿಡಿದಿದ್ದ ಮಾತನ್ನು ಹೇಳಿಬಿಟ್ಟೆವು. ಆ ಸಂಜೆ ನಾವು ಸುಮ್ಮನೆ ಕುಳಿತಿರಲಿಲ್ಲ. ಕೊಂಡ ಪುಸ್ತಕಗಳಲ್ಲೊಂದು ರಘುವಂಶ. ರಾಜಮಾರ್ಗದಲ್ಲಿ ಸಾಗುವ ದೀಪವನ್ನು ಉಪಮಾನವಾಗಿ ತಂದುದರಿಂದ ಕಾಳಿದಾಸನಿಗೆ ದೀಪಶಿಖಾ ಎಂಬ ಬಿರುದು ಬಂದಿತೆಂದು ಅಳಿಯಂದಿರಿಗೆ ವ್ಯಾಖ್ಯಾನ ಮಾಡುತ್ತಿದ್ದೆವು. ಅವರು ಮರ್ಯಾದೆಗಾಗಿ ನಮ್ಮ ಕಡೆಗೆ ಮುಖ ತಿರುಗಿಸಿ ಹೂಂಗುಟ್ಟಿದ ಕ್ಷಣದಲ್ಲಿಯೇ ಆ ವೃದ್ಧರು ಎದುರಾದುದು. ದೀಪಗಳು ಮಂಕಾಗಿದ್ದುದು ನಿಜ. ಆದರೆ ತಪ್ಪೆಲ್ಲವನ್ನೂ ಅವುಗಳ ಮೇಲೆ ಹೊರಿಸಿ, ಅಳಿಯಂದಿರೊಬ್ಬರೇ ಮಗಳ ಮಾತನ್ನು ಕೇಳುವಂತೆ ಮಾಡಿ ಸುಮ್ಮನಿದ್ದವರು ನಾವು. ಮಗಳು ಉತ್ತರ ಕೊಡಲಿಲ್ಲ. ಗೇರನ್ನು ಇಳಿಸಿ ತಿರುವನ್ನು ದಾಟಿ, ಸ್ವಲ್ಪ ದೂರ ಹೋದ ಮೇಲೆ, ಅವರು ನಿಮಗೆ ಹೇಳಿರಲಿಲ್ಲವೇ ಅಪ್ಪಾ, ನನಗೆ ಮೊದಲನೆಯ ದಿನವೇ ಹೇಳಿದ್ದರು ಎಂದಳು.

ಎದುರಿನಿಂದ ಒಂದು ಗಾಡಿ ಬಂದಿತು. ಅದರ ದೀಪಗಳ ಸುತ್ತ ನಮಗೆ ಪರಿವೇಷವಿಟ್ಟ ಚಂದ್ರನಂತೆ ದೊಡ್ಡ ದೊಡ್ಡ ಬಳೆಗಳು ಕಂಡುವು. ಎಷ್ಟು ಕೆಟ್ಟ ದೀಪಗಳೆಂದು ನಾವು ಆಕ್ಷೇಪಿಸಿದೆವು. ಮಗಳು, ಅವು ಸರಿಯಾಗಿಯೇ ಇವೆ, ಬಳೆಗಳು ತನಗೆ ಕಾಣುವುದಿಲ್ಲವೆಂದಳು. ಎಷ್ಟು ದಿನಗಳಿಂದ ಹೀಗೆ ಕಾಣುತ್ತದೆಂದು ಕೇಳಿದಳು. ಎರಡು ವರ್ಷವಾಗಿರಬೇಕೆಂದೆವು.

ಹಿಂದಿರುಗಿದ ಮೇಲೆ ಬೆಂಗಳೂರಿನಲ್ಲಿ ಕಣ್ಣಿನ ವೈದ್ಯರು ನೋಡಿ ಎರಡು ಕಣ್ಣುಗಳಲ್ಲಿಯೂ ಪೊರೆಯಿದೆ, ಬಲದ್ದು ಹೆಚ್ಚು ಎಂದಿದ್ದಾರೆ. ಅರುವತ್ತರ ಕಣ್ಣಿಗೆ ಒಳಗೆ ಇಳಿಯುವ ಬೆಳಕು ಇಪ್ಪತ್ತರ ಕಣ್ಣಿನದರಲ್ಲಿ ಮೂರನೆಯ ಒಂದು ಪಾಲಿನಷ್ಟೇ ಎಂದೂ, ಪೊರೆಯು ಅದನ್ನೂ ಚೆದರಿಸುವುದೆಂದೂ ವಿವರಿಸಿದರು. ಬಲಗಣ್ಣಿನ ಶಸ್ತ್ರಚಿಕಿತ್ಸೆಯು ಬರುವ ತಿಂಗಳ ಎರಡನೆಯ ವಾರಕ್ಕೆ ಗೊತ್ತಾಗಿದೆ. ಗಾಡಿಯು ಮಗಳ ಮನೆಯಲ್ಲಿಯೇ ಇದೆ. ಈಗ ಕತ್ತಲಾದ ಮೇಲೆ ಅದನ್ನು ಹೆಚ್ಚಾಗಿ ನಡೆಸುವವಳು ಆಕೆಯೇ ಎಂದು ಅಳಿಯಂದಿರು ಬರೆದಿದ್ದಾರೆ. ಉಪ್ಪಿನಕಾಯಿಯ ಭರಣಿಗಳ ಲೇಖನವನ್ನು ನಮ್ಮ ಮನೆಯವರಿಂದ ಹೇಳಿಸಿ ಬರೆಸುವುದಾಗಿ ಗೊತ್ತಾಗಿದೆ. ಆ ವಿಷಯದಲ್ಲಿ ಅವರಿಗಿರುವಷ್ಟು ತಿಳಿವಳಿಕೆ ನಮಗೆ ಎಂದೂ ಇರಲಿಲ್ಲ.